ವಿನೋಬನಗರದಲ್ಲಿ ನಡೆದ ಒಲಿಂಪಿಕ್ಸ್

ಒಲಿಂಪಿಕ್ಸ್ ನಡೆಸಬೇಕೋ ಬೇಡವೋ ಎಂದು ಜಪಾನಿನವರು ತಲೆ ಕೆಡಿಸಿಕೊಂಡಿದ್ದ ದಿನಗಳಲ್ಲಿ ಶಿವಮೊಗ್ಗದ ವಿನೋಬನಗರದಲ್ಲಿ ನಾನೂ ತಲೆ ಕೆಡಿಸಿಕೊಂಡಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ. ಯಾರಾದರೂ ಕೇಳಲಿ, ಆಮೇಲೆ ಚಿಂತೆ ಮಾಡೋಣ ಎಂದು ನಾನು ಯಾವತ್ತೂ ಕಾದವಳಲ್ಲ. ವರ್ಷ ಮುಂದಕ್ಕೆ ಹೋದ ಕ್ರೀಡಾಕೂಟ, ಇನ್ನೂ ಹೋಗದ ಕೊರೊನಾ, ಲೋಕದ ಎಲ್ಲ ಕಡೆಯಿಂದ ಬಂದು ಒಂದೇ ಊರಿನಲ್ಲಿ ಉಣ್ಣುವ, ಮಲಗುವ, ಬೆವರುವ ಜನ. ಕರೆದ ಮೇಲೆ ಬರಬೇಡಿ ಅನ್ನುವುದು ಹೇಗೆ, ಬಂದ ಮೇಲೆ ಮುಟ್ಟಬೇಡಿ ಅನ್ನುವುದು ಹೇಗೆ? ಬೆಳಿಗ್ಗೆ ಪೇಪರ್ ಹಿಡಿದು ನಾನು ನಿಟ್ಟುಸಿರು ಬಿಟ್ಟರೆ ನಮ್ಮವರು ತಲೆಯೆತ್ತದೆ, "ಮಾರಾಯ್ತಿ, ಮೊದ್ಲು ಒಲೆ ಮೇಲಿನ ಹಾಲು ನೋಡು. ಜಪಾನ್ ಆಮೇಲೆ ನೋಡಿದ್ರಾಯ್ತು" ಎನ್ನುತ್ತಿದ್ದರು.

ನಿಜ ಹೇಳಬೇಕೆಂದರೆ ನನ್ನ ನಿದ್ದೆಗೆಡಿಸಿದ್ದು ಜಪಾನ್ ಅಲ್ಲ. ಭದ್ರಾವತಿಯಲ್ಲಿದ್ದ ನನ್ನ ಅಣ್ಣ.

ಅಣ್ಣ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಮರದ ಅಚ್ಚು ಮಾಡುವ ಕೆಲಸದಲ್ಲಿದ್ದು ನಿವೃತ್ತನಾದವನು. ಕಬ್ಬಿಣವನ್ನು ಎರಕ ಹೊಯ್ಯುವ ಮೊದಲು ಅದರ ಆಕಾರವನ್ನು ಮರದಲ್ಲಿ ಕಡೆದಿಡಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಎರಕ ಕೆಡುತ್ತದೆ. ಆ ಕೆಲಸ ಕಣ್ಣಿಗೆ ಕಲಿಸಿದ ಕಟ್ಟುನಿಟ್ಟನ್ನು ಅವನು ರಜೆಯ ದಿನ ಮೈದಾನಕ್ಕೆ ಒಯ್ಯುತ್ತಿದ್ದ. ಸುತ್ತಮುತ್ತ ಎಲ್ಲೇ ನಡಿಗೆ ಸ್ಪರ್ಧೆಯಾದರೂ ಅವನು ತೀರ್ಪುಗಾರ. ಆ ಸ್ಪರ್ಧೆಯಲ್ಲಿ ಎಷ್ಟು ಬೇಕಾದರೂ ಬೇಗ ಹೋಗಬಹುದು, ಓಡುವಂತಿಲ್ಲ. ಯಾವಾಗಲೂ ಒಂದು ಪಾದ ನೆಲದ ಮೇಲಿರಬೇಕು, ಮುಂದಿಟ್ಟ ಕಾಲು ಮಂಡಿಯಲ್ಲಿ ಬಗ್ಗಬಾರದು. ತಪ್ಪು ಕಂಡರೆ ತೀರ್ಪುಗಾರ ಮಾತಾಡುವುದಿಲ್ಲ, ಸೀಟಿ ಊದುವುದಿಲ್ಲ; ಹಿಡಿಕೆಯಿರುವ ಹಳದಿ ಹಲಗೆಯೊಂದನ್ನು ಎತ್ತಿ ತೋರಿಸುತ್ತಾನೆ. ಅಲೆಯ ಗೆರೆಯಿದ್ದರೆ 'ಎರಡೂ ಪಾದ ನೆಲ ಬಿಟ್ಟವು' ಎಂದು, ಮಂಡಿಯಂತೆ ಮುರಿದ ಗೆರೆಯಿದ್ದರೆ 'ಮಂಡಿ ಬಗ್ಗಿತು' ಎಂದು. ಅಣ್ಣ ತನ್ನ ಹಲಗೆಗಳನ್ನು ತಾನೇ ಪ್ಲೈವುಡ್ಡಿನಲ್ಲಿ ಕೊರೆದು, ಬಣ್ಣ ಹೊಡೆದು ಮಾಡಿಕೊಂಡಿದ್ದ. "ನಡಿಯೋಕೆ ಎಲ್ರಿಗೂ ಬರುತ್ತೆ ಅಂತ ಜನ ತಿಳ್ಕೊಂಡಿದಾರೆ" ಎಂದು ನಗುತ್ತಿದ್ದ. ಅವನ ಎದುರು ನಾನು ಅಡುಗೆಮನೆಯಿಂದ ಬಚ್ಚಲಿಗೆ ಹೋಗಲೂ ಅಂಜುತ್ತಿದ್ದೆ.

ಆ ಬೇಸಿಗೆಯ ಎರಡನೇ ಅಲೆಯಲ್ಲಿ ಅವನಿಗೆ ಕೊರೊನಾ ಬಂತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದು ಮನೆಗೆ ಬಂದ. ದಿನಕ್ಕೆ ಹತ್ತು ಹೆಜ್ಜೆಯಂತೆ ಹೆಚ್ಚಿಸುತ್ತ ನಡೆಯಲಿ, ಶ್ವಾಸಕೋಶಕ್ಕೆ ಅದೇ ಮದ್ದು ಎಂದರು ಡಾಕ್ಟರು. ಎರಡು ದಿನ ನಡೆದ. ಮೂರನೆಯ ದಿನ ಹೊಸ್ತಿಲ ಹತ್ತಿರ ದಮ್ಮು ಕಟ್ಟಿ ಬಾಗಿಲವಾಡ ಹಿಡಿದು ನಿಂತ. ಹಾಗೇ ತಿರುಗಿ ಬಂದು ಕುರ್ಚಿಯಲ್ಲಿ ಕೂತವನು ಸ್ನಾನ, ಊಟ, ನಿದ್ದೆಗೆ ಬಿಟ್ಟರೆ ಏಳಲಿಲ್ಲ.

"ಹೀಗೇ ಕೂತ್ರೆ ಕಾಲು ಸೋತೇ ಹೋಗುತ್ತೆ ಅಂದ್ರು ಡಾಕ್ಟ್ರು" ಎಂದು ಅತ್ತಿಗೆ ಫೋನಿನಲ್ಲಿ ಪಿಸುಗುಟ್ಟಿದರು. "ಎದ್ದೇಳಿ ಅಂದ್ರೆ ಗೋಡೆ ನೋಡ್ತಾರೆ. ತಿಂಗಳಿಂದ ಬಾಯಿಬಿಟ್ಟು ಒಂದೇ ಮಾತು ಕೇಳಿದ್ದು ಕಣೇ. ಈ ಸಲ ನಡಿಗೆ ಸ್ಪರ್ಧೆ ಟಿವಿಲಿ ತೋರಿಸ್ತಾರಾ ಅಂತ."

ಅವರ ಮನೆಯ ಕೇಬಲ್ಲಿನಲ್ಲಿ ಅದು ಬರುವಂತಿರಲಿಲ್ಲ. ನಮ್ಮ ಟಿವಿಗೆ ಇಂಟರ್ನೆಟ್ ಇತ್ತು. "ಕೂಟ ಮುಗಿಯೋ ತನಕ ಇಲ್ಲೇ ಬಂದಿದ್ದುಬಿಡಿ ಅತ್ತಿಗೆ" ಎಂದುಬಿಟ್ಟೆ. ಫೋನ್ ಇಟ್ಟ ಮರುಕ್ಷಣ ಜಪಾನಿನವರ ಸಂಕಟ ಪೂರ್ತಿ ಅರ್ಥವಾಯಿತು. ಕರೆದಾಗಿತ್ತು. ಇನ್ನು ಬಂದವರನ್ನು ಸೋಂಕಿನಿಂದ ಕಾಯಬೇಕಾಗಿತ್ತು.

ಜಪಾನಿನವರು ಹೇಗೆ ಕಾಯುತ್ತಾರೆಂದು ಪೇಪರಿನಲ್ಲಿ ದಿನಾ ಬರುತ್ತಿತ್ತು. ಕೈ ಕುಲುಕುವಂತಿಲ್ಲ. ಕೂಗುವಂತಿಲ್ಲ, ಚಪ್ಪಾಳೆಯಷ್ಟೇ. ಊಟದ ಮೇಜಿನ ಮಧ್ಯೆ ಪಾರದರ್ಶಕ ಪರದೆ. ಗೆದ್ದವರ ಕೊರಳಿಗೆ ಪದಕ ಯಾರೂ ಹಾಕುವುದಿಲ್ಲ. ತಟ್ಟೆಯಲ್ಲಿ ತಂದಿಡುತ್ತಾರೆ, ತಾವೇ ಎತ್ತಿ ಹಾಕಿಕೊಳ್ಳಬೇಕು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ನಿಯಮ ಕಂಡರೆ ಬರೆದಿಟ್ಟುಕೊಳ್ಳದೆ ಬಿಡುವವಳಲ್ಲ. ಎರಡು ಹಾಳೆ ತುಂಬ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಗಾಂಧಿ ಬಜಾರಿಗೆ ಹೋಗಿ ಪ್ಲಾಸ್ಟಿಕ್ ಹಾಳೆ ಕತ್ತರಿಸಿಕೊಂಡು ಬಂದು ಊಟದ ಮೇಜಿನ ನಡುವೆ ದಾರ ಕಟ್ಟಿ ಇಳಿಬಿಟ್ಟೆ. ಅಣ್ಣ ಅತ್ತಿಗೆ ಬಂದ ಮೊದಲ ದಿನವೇ ಫ್ಯಾನ್ ಗಾಳಿಗೆ ಅದು ಹಾರಿ ನಮ್ಮವರ ಸಾರಿನಲ್ಲಿ ಅದ್ದಿಕೊಂಡಿತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ, "ಭಾವ, ಟೋಕಿಯೋದಲ್ಲೂ ಸಾರೇ ಮಾಡ್ತಾರಾ?" ಎಂದರು. ಅಣ್ಣ ತುಟಿಯಂಚಿನಲ್ಲಿ ನಕ್ಕ. ಆ ನಗು ನೋಡಿ ನನ್ನ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದು ತಿಳಿದೆ.

ಎಲ್ಲಕ್ಕಿಂತ ಮೇಲಿನ ನಿಯಮವನ್ನು ಹಾಳೆಯಲ್ಲಿ ಬರೆದಿರಲಿಲ್ಲ. ಅದು ನಮ್ಮ ಕಡೆಯ ಮನೆಗಳಲ್ಲಿ ಬರೆಯುವ ವಿಷಯವೇ ಅಲ್ಲ. ಕಾಯಿಲೆಯಿಂದೆದ್ದವರು ಕೂತಲ್ಲಿಂದ ಏಳಬಾರದು, ಅದರಲ್ಲೂ ನೆಂಟರಾದರೆ. ಟಿವಿ ಎದುರು ಒರಗು ಕುರ್ಚಿ ಹಾಕಿಸಿದ್ದೆ. ಪಕ್ಕದ ಸ್ಟೂಲಿನ ಮೇಲೆ ಬಿಸಿನೀರಿನ ಫ್ಲಾಸ್ಕ್, ಮಾತ್ರೆ, ಟವೆಲ್, ರಿಮೋಟ್, ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಪುಟ್ಟ ಯಂತ್ರ. ಕಾಫಿಯನ್ನು ತಟ್ಟೆಯಲ್ಲಿ ತಂದಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಪದಕದಂತೆ ಅವನೇ ಎತ್ತಿಕೊಳ್ಳುತ್ತಿದ್ದ. ಅವನು ಕಾಲು ಅಲ್ಲಾಡಿಸಿದರೆ ಸಾಕು, "ಏನು ಬೇಕಣ್ಣಾ? ನೀನು ಏಳ್ಬೇಡ" ಎಂದು ನಾನು ಒಂದು ಕಡೆಯಿಂದ, ಅತ್ತಿಗೆ ಇನ್ನೊಂದು ಕಡೆಯಿಂದ. ಡಾಕ್ಟರು ಹೇಳಿದ ಹೆಜ್ಜೆಗಳ ನೆನಪು ಇಬ್ಬರಿಗೂ ಇತ್ತು. ಮೊದಲು ಸ್ವಲ್ಪ ಶಕ್ತಿ ಬರಲಿ, ಆಮೇಲೆ ನಡೆಯಲಿ ಎಂದು ನಮ್ಮ ಲೆಕ್ಕ. ನಡೆಯದೆ ಶಕ್ತಿ ಎಲ್ಲಿಂದ ಬರಬೇಕು ಎಂಬುದು ಗಣಿತದ ಮೇಡಂಗೆ ಹೊಳೆದಿರಲಿಲ್ಲ.

ದಿನಗಳು ಹೋದವು. ಬೆಳಿಗ್ಗೆ ಒಳಕೋಣೆಯಲ್ಲಿ ನನ್ನ ಆನ್‌ಲೈನ್ ಕ್ಲಾಸು, ಹೊರಗೆ ಖಾಲಿ ಗ್ಯಾಲರಿಗಳ ನಡುವೆ ಈಜು, ಕುಸ್ತಿ, ಓಟ. ಜನರಿಲ್ಲದ ಕ್ರೀಡಾಂಗಣದಲ್ಲಿ ಚೆಂಡಿನ ಸದ್ದು, ಉಸಿರಿನ ಸದ್ದು ಕೇಳುತ್ತಿತ್ತು. ಅಣ್ಣ ನೋಡುತ್ತಿದ್ದ. ಚಪ್ಪಾಳೆಯನ್ನೂ ತಟ್ಟುತ್ತಿರಲಿಲ್ಲ.

ನಡಿಗೆ ಸ್ಪರ್ಧೆ ನಮ್ಮ ಊಟದ ಹೊತ್ತಿಗೆ ಬಿತ್ತು. ಟೋಕಿಯೋದ ಸೆಕೆಗೆ ಹೆದರಿ ಅದನ್ನು ಉತ್ತರದ ಬೇರೊಂದು ಊರಿಗೆ ಒಯ್ದಿದ್ದರು. ಅಣ್ಣ ಬೆಳಿಗ್ಗೆಯೇ ಶೇವ್ ಮಾಡಿಕೊಂಡಿದ್ದ. ಊಟ ಬೇಡವೆಂದ. "ನನ್ನ ಬ್ಯಾಗು" ಎಂದ. ಅತ್ತಿಗೆ ತಂದುಕೊಟ್ಟರು. ಒಳಗಿಂದ ಬಟ್ಟೆಯಲ್ಲಿ ಸುತ್ತಿದ ಎರಡು ಹಳದಿ ಹಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅತ್ತಿಗೆ ನನ್ನ ಮುಖ ನೋಡಿದರು, ಅವನ್ನು ತಂದದ್ದು ಅವರಿಗೂ ಗೊತ್ತಿರಲಿಲ್ಲ.

ನೋಡಲು ಬರಬೇಡಿ ಎಂದು ಆ ಊರಿನವರಿಗೆ ಹೇಳಿದ್ದರಂತೆ. ಆದರೂ ರಸ್ತೆಯ ಆಚೆ ಅಲ್ಲಲ್ಲಿ ಮಾಸ್ಕ್ ಹಾಕಿಕೊಂಡು ಜನ ನಿಂತಿದ್ದರು. "ನೋಡಿ, ಹೇಳಿದ ಮಾತು ಕೇಳಲ್ಲ" ಎಂದು ನಾನು ಹಲ್ಲು ಕಡಿದೆ. ಅಣ್ಣ ಜನರನ್ನು ನೋಡುತ್ತಿರಲಿಲ್ಲ. ಅವನ ಕಣ್ಣು ಕಾಲುಗಳ ಮೇಲಿತ್ತು. ಸ್ಪರ್ಧಿಗಳ ಗುಂಪು ಸೊಂಟ ತಿರುವುತ್ತ ತಿರುವಿಗೆ ಬಂತು. ಅವನು ಮುಂದಕ್ಕೆ ಬಾಗಿದ. ಇನ್ನೂ ಬಾಗಿದ. ಕುರ್ಚಿಯ ಕೈ ಒತ್ತಿ ಅರ್ಧ ಎದ್ದು, ಬಲಗೈಯಲ್ಲಿ ಹಲಗೆ ಎತ್ತಿ, "ಆ ಮೂರನೆಯವನು... ನೋಡು, ನೋಡು ಅವನ ಮಂಡಿ..."

"ಕೂತ್ಕೊಳ್ಳಿ!" ಎಂದರು ಅತ್ತಿಗೆ. "ಅಣ್ಣಾ, ಕೂತ್ಕೋ!" ಎಂದೆ ನಾನು. ನಮ್ಮವರಿಗೂ ಅದೇ ರೂಢಿಯಾಗಿ, "ಭಾವ, ಕೂತ್ಕೊಳ್ಳಿ" ಎಂದು ಭುಜ ಹಿಡಿದುಬಿಟ್ಟರು.

ಅವನು ಕೂತ. ಹಲಗೆಯನ್ನು ತೊಡೆಯ ಮೇಲೆ ಬೋರಲು ಹಾಕಿದ. ಸ್ಪರ್ಧೆ ಮುಗಿಯುವವರೆಗೆ ಅದನ್ನು ಮತ್ತೆ ಎತ್ತಲಿಲ್ಲ. ಗೆದ್ದವನು ಗೆದ್ದ, ಹಿಂದೆ ಬಂದವರು ಗೆರೆ ದಾಟಿ ರಸ್ತೆಯ ಮೇಲೇ ಅಂಗಾತ ಬಿದ್ದುಕೊಂಡರು. ಬಿದ್ದವರು ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಎದ್ದರು. ಆಗ ಅಣ್ಣ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದ:

"ಆ ಊರಿನೋರು ನೋಡೋರ್ನ ಹೊರಗಿಟ್ಟು ಆಡೋರ್ನ ಆಡಿಸಿದ್ರು. ನೀವು ಆಡೋನ್ನ ಕೂರಿಸಿ, ಮೂರು ಜನ ಸುತ್ತ ಕೂತು ನೋಡ್ತಿದೀರಲ್ಲೇ ಮಾರಾಯ್ತಿ."

ನಮ್ಮವರು ಕುರ್ಚಿಯ ಪಕ್ಕದಿಂದ ಎದ್ದು ದೂರ ಸರಿದರು. ನಾನು ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಮುಂದೆ ನಿಂತು ಎರಡೂ ಹಾಳೆ ಓದಿದೆ. ಒಂದೂ ಅವನು ಎದ್ದು ಓಡಾಡಲಿ ಎನ್ನುವ ನಿಯಮವಾಗಿರಲಿಲ್ಲ. ಎಲ್ಲವೂ ನನ್ನ ಎದೆಬಡಿತ ಕಡಿಮೆ ಮಾಡುವ ನಿಯಮಗಳು. ಕಿತ್ತು ಹಾಕೋಣ ಎನಿಸಿತು. ಕಿತ್ತು ಹಾಕಿದರೆ ಏನಾದರೂ ಆದೀತು ಎಂದೂ ಅನಿಸಿತು. ಕೊನೆಗೆ ಒಂದನ್ನು ಕಿತ್ತು ಇನ್ನೊಂದನ್ನು ಬಿಟ್ಟೆ.

ಮರುದಿನ ಬೆಳಿಗ್ಗೆ ಸೋನೆ ನಿಂತಿತ್ತು. ಕುರ್ಚಿಯ ಹತ್ತಿರ ಹೋಗಿ, "ಏಳ್ತೀಯಾ? ಗೇಟಿನ ತನಕ ಹೋಗೋಣ" ಎಂದೆ.

"ನಾನು ನಡಿಯಲ್ಲ" ಎಂದ. ಗೋಡೆ ನೋಡಿದ. ಆ ಹೊಸ್ತಿಲು, ಆ ಬಾಗಿಲವಾಡ ಇನ್ನೂ ಅವನ ಮುಂದಿತ್ತೇನೋ. ಆಮೇಲೆ ಹಲಗೆ ಎತ್ತಿಕೊಂಡು, "ನೀನು ನಡಿ. ನಾನು ನೋಡ್ತೀನಿ" ಎಂದ.

ಹೀಗೆ ನಾನು ಸ್ಪರ್ಧಿಯಾದೆ. ಗೇಟಿನೊಳಗೆ ಕುರ್ಚಿ ಹಾಕಿಸಿಕೊಂಡು ಅಣ್ಣ ಕೂತ. ಅಲ್ಲಿಗೆ ಬರಲು ಹನ್ನೆರಡು ಹೆಜ್ಜೆಯಾಯಿತು, ಮಧ್ಯೆ ಒಮ್ಮೆ ಗೋಡೆ ಹಿಡಿದ. ನಾನು ಎಣಿಸಿದೆ, ಆದರೆ ಬಾಯಿ ಬಿಡಲಿಲ್ಲ. ನಮ್ಮ ಗೇಟಿನಿಂದ ರಸ್ತೆಬದಿಯ ಹೊಂಗೆ ಮರದವರೆಗೆ, ಮರದಿಂದ ಗೇಟಿಗೆ, ಚೂಡಿದಾರ, ಮಾಸ್ಕ್, ಐವತ್ತರ ಹತ್ತಿರದ ನನ್ನ ಮಂಡಿಗಳು. ಮೊದಲ ಸುತ್ತಿಗೇ ಮುರಿದ ಗೆರೆಯ ಹಲಗೆ ಮೇಲೆದ್ದಿತು. ಎರಡನೇ ಸುತ್ತಿಗೂ. ಎದುರು ಮನೆಯವರು ಕಿಟಕಿ ತೆರೆದು ನೋಡಿದರು. "ಏನ್ರೀ ಮೇಡಂ, ಕಾಲು ಉಳುಕಿದ್ಯಾ?" ಎಂದು ಕೇಳಿದರು.

ಮೂರನೇ ಸುತ್ತಿಗೆ ಅಣ್ಣ, "ಮರದ ಹತ್ರ ನೀನು ಏನು ಕಳ್ಳಾಟ ಆಡ್ತೀಯೋ ಕಾಣಲ್ಲ" ಎಂದ. ಎದ್ದು ಗೇಟು ದಾಟಿ ನಾಲ್ಕು ಹೆಜ್ಜೆ ಬಂದ. ನಮ್ಮವರು ಕುರ್ಚಿ ಎತ್ತಿಕೊಂಡು ಹಿಂದೆ ಬಂದರು.

"ನಡೀತಿದೀಯಲ್ಲ!" ಎಂದೆ, ತಡೆಯಲಾರದೆ.

"ತೀರ್ಪುಗಾರ ನಡಿಯಲ್ಲ. ಜಾಗ ಬದಲಾಯಿಸ್ತಾನೆ ಅಷ್ಟೆ" ಎಂದ.

ಸಂಜೆ ಅವನು ಮರದ ಬುಡಕ್ಕೆ ಜಾಗ ಬದಲಾಯಿಸಿದ. ಮರುದಿನ ಮರದ ಆಚೆಯ ವಿದ್ಯುತ್ ಕಂಬಕ್ಕೆ. ಪ್ರತಿ ಸಲ ಕುರ್ಚಿ ಮೆರವಣಿಗೆಯಂತೆ ಹಿಂದೆ ಹೋಗುತ್ತಿತ್ತು, ಪ್ರತಿ ಸಲ ಅವನು ಸ್ವಲ್ಪ ಹೊತ್ತು ಕೂತು, ಉಸಿರು ತಿದ್ದಿಕೊಂಡು, ನನ್ನ ಮಂಡಿಯ ಮೇಲೆ ದೂರು ಹೇಳುತ್ತಿದ್ದ. ಅತ್ತಿಗೆ ಗೇಟಿನಲ್ಲಿ ನಿಂತು ಕಣ್ಣು ಒರೆಸಿಕೊಳ್ಳುವುದನ್ನು ನೋಡಿ, "ನಿನ್ನ ನಾದಿನಿ ನಡಿಗೆ ನೋಡಿದ್ರೆ ಯಾರಿಗಾದ್ರೂ ಅಳು ಬರುತ್ತೆ" ಎಂದ.

ಕೂಟ ಮುಗಿಯುವ ದಿನ ಬೆಳಿಗ್ಗೆ ಅವನು ಕುರ್ಚಿ ಬೇಡವೆಂದ. ರಸ್ತೆಯ ಕೊನೆಯ ಔಷಧಿ ಅಂಗಡಿಯ ತಿರುವಿಗೆ ಜಾಗ ಬದಲಾಯಿಸುವುದಾಗಿ ಹೇಳಿ ಎರಡೂ ಹಲಗೆ ಬಗಲಲ್ಲಿ ಇಟ್ಟುಕೊಂಡು ಹೊರಟ. ನಾನು ಗೇಟಿನಲ್ಲಿ ನಿಂತೆ. ಬೆನ್ನು ಸಣ್ಣದಾಗುತ್ತ ಹೋಯಿತು. ಕಂಬದ ಹತ್ತಿರ ನಿಂತ, ಹೊರಟ. ಅಂಗಡಿ ತಲುಪಿ ತಿರುಗಿ ನಿಂತು, ಬಾ ಎಂದು ಕೈ ಮಾಡಿದ.

ನಾನು ಹೊರಟೆ. ಅರ್ಧ ದಾರಿಯಲ್ಲಿದ್ದಾಗ ಅವನು ಕೆಮ್ಮಿದ. ಒಂದಲ್ಲ, ಎರಡಲ್ಲ, ಬಗ್ಗಿ, ಅಂಗಡಿಯ ಮುಚ್ಚಿದ ಶಟರಿಗೆ ಕೈ ಕೊಟ್ಟು ಕೆಮ್ಮಿದ. ಆಕ್ಸಿಜನ್ ನೋಡುವ ಯಂತ್ರ ನನ್ನ ಪರ್ಸಿನಲ್ಲಿತ್ತು. ಆಸ್ಪತ್ರೆ, ಆಂಬುಲೆನ್ಸ್, ಅತ್ತಿಗೆಗೆ ಏನು ಹೇಳಲಿ, ಎಲ್ಲ ಒಂದೇ ಉಸಿರಿಗೆ ತಲೆಯೊಳಗೆ ನುಗ್ಗಿದವು. ನಾನು ಓಡಿದೆ.

ಅವನು ಕೆಮ್ಮುತ್ತಲೇ ತಲೆಯೆತ್ತಿದ. ಶಟರಿಗೆ ಕೊಟ್ಟಿದ್ದ ಕೈ ತೆಗೆದು, ಬಗಲಿನಿಂದ ಒಂದು ಹಲಗೆ ಎಳೆದು, ತೋಳು ನೀಳವಾಗಿ ಚಾಚಿ ನನ್ನ ಮುಖಕ್ಕೆ ನೇರ ಹಿಡಿದ. ಅಲೆಯ ಗೆರೆ. ಎರಡೂ ಪಾದ ನೆಲ ಬಿಟ್ಟವು.

ನಾನು ನಿಂತೆ. ಅವನ ಕೆಮ್ಮು ತಗ್ಗುವುದನ್ನು ಅಲ್ಲಿಂದಲೇ ಕೇಳಿಸಿಕೊಂಡೆ. ಆಮೇಲೆ ಮಂಡಿ ನೆಟ್ಟಗಿಟ್ಟು, ಒಂದು ಪಾದ ನೆಲದ ಮೇಲಿರುವಂತೆ ನೋಡಿಕೊಂಡು, ಅವನಿದ್ದಲ್ಲಿಗೆ ನಡೆದು ಹೋದೆ.