ನಾರಿಸ್ ಟೆಬಟ್ ಪೈ ಹುಡುಕಿದ್ದು

ನಾರಿಸ್ ಟೆಬಟ್ ಮಹಾ ಮೊಂಡ. ಎದುರಿಗಿದ್ದವರ ಮನಸ್ಸು ನೊಂದೀತೆಂದು ಒಂದು ಮಾತನ್ನೂ ತಡೆದುಕೊಂಡವನಲ್ಲ, ಹಿಡಿಸದ ಒಂದು ತುತ್ತನ್ನೂ ನುಂಗಿದವನಲ್ಲ. ಇದನ್ನು ಅವನು ಪ್ರಾಮಾಣಿಕತೆ ಎಂದು ಕರೆಯುತ್ತಿದ್ದ. ನಾನು ಹೃದಯದ ಬಡತನ ಎಂದು ಕರೆಯುತ್ತಿದ್ದೆ, ಅವನ ಮುಖಕ್ಕೇ.

"ಇರಬಹುದು ಡಾಕ್ಟ್ರಮ್ಮ," ಎಂದಿದ್ದ ಒಮ್ಮೆ, ಇಬ್ಬರ ಹಿತ್ತಲಿನ ನಡುವಿನ ಮೋಟುಗೋಡೆಯ ಮೇಲೆ ಮೊಣಕೈ ಊರಿಕೊಂಡು. "ನೀವೇನು ಕಡಿಮೆನಾ? ಈ ಬೀದೀಲಿ ಕ್ರಿಸ್‌ಮಸ್ ಕಾರ್ಡು ಕಮ್ಮಿ ಬರೋದು ಮೊದಲು ನಿಮ್ಮ ಮನೆಗೆ, ಆಮೇಲೆ ನನ್ನ ಮನೆಗೆ."

ನಾನು ಡಾಕ್ಟರಾದದ್ದು ಮಧ್ಯಯುಗದ ಭೂಹಿಡುವಳಿಯ ವಿಷಯದಲ್ಲಿ. ಅದು ಗೊತ್ತಿದ್ದೂ ಅವನು ತನ್ನ ಮಂಡಿನೋವನ್ನು ನನಗೇ ತೋರಿಸುತ್ತಿದ್ದ. ಕಾಲುಚೀಲ ಹೆಣೆಯುವ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡಿ ನಿವೃತ್ತನಾದವನು. ಮದುವೆಯಾಗಲಿಲ್ಲ. ಅದಕ್ಕೆ ಕಾರಣ ಒಂದು ಪೈ, ಕಣಕದ ಚಿಪ್ಪಿನೊಳಗೆ ಮಾಂಸ ತುಂಬಿ ಬೇಯಿಸಿದ ತಿಂಡಿ. ಆ ಕತೆಯನ್ನು ಅವನು ಪ್ರತಿ ಡಿಸೆಂಬರಿನಲ್ಲೂ ಯುದ್ಧ ಗೆದ್ದವನಂತೆ ಹೇಳುತ್ತಿದ್ದ.

ಯೌವನದಲ್ಲಿ ಮ್ಯೂರಿಯಲ್ ಎಂಬ ಹುಡುಗಿಯೊಂದಿಗೆ ನಿಶ್ಚಿತಾರ್ಥವಾಗಿತ್ತು. ಅವಳ ಮನೆಯಲ್ಲಿ ಊಟಕ್ಕೆ ಕರೆದು, ಅವಳ ತಾಯಿ ಹಂದಿಮಾಂಸದ ಪೈ ಕೊಯ್ದು ಬಡಿಸಿದಳು. ಒಳಗಿನ ಮಾಂಸ ಗುಲಾಬಿ ಬಣ್ಣಕ್ಕಿತ್ತು. ನಾರಿಸ್ ತಟ್ಟೆಯನ್ನು ಎರಡು ಬೆರಳಿನಿಂದ ಮುಂದಕ್ಕೆ ತಳ್ಳಿ, "ಇದನ್ನ ಪೈ ಅಂದ್ರೆ ನಮ್ಮನೆ ಬೆಕ್ಕೂ ನಗುತ್ತೆ" ಎಂದ. ಸಿಹಿ ಬಡಿಸುವ ಮೊದಲೇ ಮ್ಯೂರಿಯಲ್ ಉಂಗುರ ತೆಗೆದು ಉಪ್ಪಿನ ಬಟ್ಟಲ ಪಕ್ಕದಲ್ಲಿಟ್ಟಳು.

"ಬಚಾವಾದೆ," ಎನ್ನುತ್ತಿದ್ದ ನಾರಿಸ್.

"ಅವಳು ಬಚಾವಾದಳು," ಎನ್ನುತ್ತಿದ್ದೆ ನಾನು.

ಅವನ ಪಕ್ಷದಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಲೆಸ್ಟರ್‌ಶೈರ್ ಜಿಲ್ಲೆಯಲ್ಲಿ ಇದು ತಮಾಷೆಯ ವಿಷಯವಲ್ಲ. ಕ್ರಿಸ್‌ಮಸ್ ಬೆಳಗಿನ ತಿಂಡಿಗೆ ಇಲ್ಲಿ ಪೈಯೇ ಆಗಬೇಕು. ಉಡುಗೊರೆಯ ಕಾಗದ ಹರಿಯುವುದೂ ಅದಾದ ಮೇಲೆಯೇ. ಹಿಂದಿನ ದಿನ ಬೆಳಕು ಹರಿಯುವ ಮುನ್ನ ಹ್ಯಾಂಡ್ಲಿಯ ಮಾಂಸದಂಗಡಿಯ ಮುಂದೆ ಸಾಲು ಹನುಮಂತನ ಬಾಲದಂತೆ ಚರ್ಚಿನ ಮೂಲೆ ದಾಟಿ ನಿಲ್ಲುತ್ತಿತ್ತು. ಆ ಸಾಲಿನಲ್ಲಿ ನಾರಿಸ್ ಯಾವಾಗಲೂ ಮೊದಲಿಗ, ಉಪದೇಶಕ್ಕೂ ಅವನೇ ಮೊದಲಿಗ. ಪೈ ತಗಡಿನ ಅಚ್ಚಿನಲ್ಲಿ ಬೇಯಬಾರದು, ತನ್ನ ಕಾಲ ಮೇಲೆ ತಾನು ನಿಂತು ಬೇಯಬೇಕು. ಹಾಗೆ ಬೆಂದರೆ ಗೋಡೆ ನೆಟ್ಟಗಿರುವುದಿಲ್ಲ, ಸುಖವಾಗಿ ಬಾಳಿದ ಗೃಹಸ್ಥನಂತೆ ಹೊಟ್ಟೆ ಬರುತ್ತದೆ. ಕಣಕ ಹಂದಿಯ ಕೊಬ್ಬು ಮತ್ತು ಕುದಿನೀರಿನಲ್ಲಿ ಕಲಸಿದ್ದಿರಬೇಕು, ಚಾಕು ತಾಗಿದರೆ ಸದ್ದು ಮಾಡಬೇಕು. ಹೂರಣ ಕೈಯಲ್ಲಿ ಕೊಚ್ಚಿದ ಹಸಿ ಮಾಂಸ, ಉಪ್ಪು, ಧಾರಾಳವಾಗಿ ಮೆಣಸು. ಬೆಂದ ಮೇಲೆ ಅದು ಬೂದು ಬಣ್ಣವೇ ಹೊರತು ಗುಲಾಬಿಯಲ್ಲ. ಕಣಕಕ್ಕೂ ಹೂರಣಕ್ಕೂ ನಡುವೆ ಮೂಳೆಯ ರಸ ಹೆಪ್ಪುಗಟ್ಟಿದ ಜೆಲ್ಲಿ. ಅದು ನಾಲಿಗೆಯ ಮೇಲೆ ಕರಗಬೇಕು, ತಟ್ಟೆಯ ಮೇಲಲ್ಲ. ಎಂದರೆ ಪೈಯನ್ನು ತಣ್ಣಗೆ ತಿನ್ನಬೇಕು. ಈ ಕೊನೆಯದನ್ನು ನಾರಿಸ್ ಯಾರಿಗೂ ಉಪದೇಶಿಸುತ್ತಿರಲಿಲ್ಲ. ನೀರನ್ನು ಕುಡಿಯುವುದು ಬಾಯಿಂದ ಎಂದು ಯಾರು ಯಾರಿಗೆ ಹೇಳುತ್ತಾರೆ?

ಥೆಲ್ಮಾ ಹೆಪ್‌ವರ್ತ್ ಬಂದದ್ದು ಆ ವರ್ಷದ ವಸಂತದಲ್ಲಿ. ಉತ್ತರದ ಕಡೆಯ ಯಾರ್ಕ್‌ಶೈರಿನ ಕಲ್ಲಿದ್ದಲು ಗಣಿ ಊರಿನವಳು, ವಿಧವೆ, ದೊಡ್ಡ ನಗುವಿನ ಹೆಂಗಸು. ನಮ್ಮ ಬೀದಿಯ ಮೂಲೆಮನೆ ಅವಳ ಚಿಕ್ಕಮ್ಮನದು. ಚಿಕ್ಕಮ್ಮ ತೀರಿಕೊಂಡ ಮೇಲೆ ಇವಳ ಪಾಲಿಗೆ ಬಂತು. ಬಂದ ಮೊದಲ ವಾರವೇ ನಾರಿಸ್‌ನ ಬೇಲಿಯ ಮುಂದೆ ನಿಂತಳು.

"ಏನ್ರೀ, ನಿಮ್ಮ ಬೇಲಿ ಥೇಟ್ ನಿಮ್ಮ ತಲಿ ಇದ್ದಂಗ ಐತಲ್ಲ! ಎರಡಕ್ಕೂ ಕತ್ತರಿ ಕಂಡು ಎಷ್ಟು ವರ್ಷ ಆತು?"

ನಾರಿಸ್ ತಿರುಗಿ ಕತ್ತರಿ ಹುಡುಕಲು ಒಳಗೆ ಹೋದ. ಅದೇ ಒಂದು ಆಶ್ಚರ್ಯ. ಮುಂದಿನ ಭಾನುವಾರದೊಳಗೆ ಬೇಲಿಯೂ ತಲೆಯೂ ಓರಣವಾಗಿದ್ದವು. ನಾನು ಗಮನಿಸಿದೆ.

ಶರತ್ಕಾಲದಲ್ಲಿ ಹ್ಯಾಂಡ್ಲಿ ಅಂಗಡಿ ಮುಚ್ಚಿದ. ಬೆನ್ನು ಕೈಕೊಟ್ಟಿತ್ತು, ನಡೆಸಿಕೊಂಡು ಹೋಗುವವರಿರಲಿಲ್ಲ. ಆ ಜಾಗದಲ್ಲಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿ ಬಂತು. ನಾರಿಸ್ ಅದರ ಗಾಜಿನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತದ್ದನ್ನು ನೋಡಿ ಒಳಗಿನ ಹುಡುಗಿ ಹೊರಗೆ ಬಂದು, "ಏನಜ್ಜ, ಕೆಂಪಾ, ನೇರಳೆನಾ?" ಎಂದು ಕೇಳಿದಳಂತೆ.

ಅಂದು ಸಂಜೆ ಅವನು ನನ್ನ ಅಡುಗೆಮನೆಯ ಬಾಗಿಲು ತಟ್ಟಿದ.

"ಡಾಕ್ಟ್ರಮ್ಮ, ನಿಮ್ಮ ಕಾರು ಬೇಕು. ಕಾರಿನ ಜೊತೆ ನೀವೂ ಬೇಕು."

"ಯಾಕೆ?"

"ಪೈ ಹುಡುಕಬೇಕು. ಥೆಲ್ಮಾ ಹೊಸ ವರ್ಷಕ್ಕೆ ಮನೆ ಮಾರಾಟಕ್ಕಿಡ್ತಾಳಂತೆ. ಈ ಊರಲ್ಲಿ ತನ್ನನ್ನ ಹಿಡಿದಿಟ್ಟುಕೊಳ್ಳೋಂಥದ್ದು ಏನೂ ಇಲ್ಲ ಅಂದಳು. ಒಂದಿದೆ, ಕ್ರಿಸ್‌ಮಸ್ ಬೆಳಿಗ್ಗೆ ತೋರಿಸ್ತೀನಿ ಅಂತ ಬಾಯಿಬಿಟ್ಟೆ."

"ಪೈ ತೋರಿಸಿ ಹೆಂಗಸನ್ನ ತಡೀತೀಯಾ ನಾರಿಸ್?"

ಅವನು ತನ್ನ ಬೂಟನ್ನು ನೋಡಿಕೊಂಡ. "ತೋರಿಸೋಕೆ ನನ್ನ ಹತ್ರ ಬೇರೆ ಏನಿದೆ ಹೇಳಿ. ಅವಳಿಗೆ ಹಿಡಿಸಿತು ಅಂದ್ರೆ ಕೇಳೇಬಿಡ್ತೀನಿ."

ಏನು ಕೇಳುತ್ತಾನೆಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಹೀಗೆ ಶನಿವಾರಗಳು ಶುರುವಾದವು. ನಾನು ಕಾರು ನಡೆಸುವುದು, ಅವನು ಕಿಟಕಿಯಿಂದ ಮಾಂಸದಂಗಡಿಗಳನ್ನು ವಾಸನೆ ನೋಡುವುದು. ಮೊದಲ ಊರಿನ ಪೈಗಳು ಪೊಲೀಸರಂತೆ ನೆಟ್ಟಗೆ ನಿಂತಿದ್ದವು.

"ಅಚ್ಚಲ್ಲಿ ಬೇಯಿಸಿದ್ದು," ಎಂದ ನಾರಿಸ್, ಅಂಗಡಿಯವನಿಗೇ ಕೇಳುವಂತೆ. "ನಡು ಇಲ್ಲ, ಹೊಟ್ಟೆ ಇಲ್ಲ. ಪೈನೋ ಒಳಚರಂಡಿ ಕೊಳವೆನೋ?"

"ತಾತ, ತಗೊಳ್ಳೋ ಹಾಗಿದ್ರೆ ತಗೋ, ಇಲ್ದಿದ್ರೆ ಹಿಂದಿರೋರಿಗೆ ಜಾಗ ಬಿಡು."

ಎರಡನೆಯ ಊರಿನ ಪಬ್ಬಿನಲ್ಲಿ ಮಾಂಸ ಗುಲಾಬಿ. ಮೂರನೆಯ ಊರಿನಲ್ಲಿ ಎಲ್ಲ ಸರಿಯಿತ್ತು, ಜೆಲ್ಲಿಯೇ ಇರಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಬಾಡಿಗೆಗೆ ಕೊಡುವಷ್ಟು ಖಾಲಿ ಜಾಗ. ಒಂದು ಕಡೆ ಸೇಬು ಸೇರಿಸಿದ್ದರು. ನಾರಿಸ್ ಅದನ್ನು ಬಾಯಿಗಿಡಲೇ ಇಲ್ಲ, ಕಾರಿನ ಹೊರಗೆ ಒಂದು ಕಾಗೆಗೆ ಕೊಟ್ಟ. ಕಾಗೆ ಮಾಂಸ ತಿಂದು ಸೇಬು ಬಿಟ್ಟಿತು. "ನೋಡಿದ್ರಾ?" ಎಂದ. ನಾನು ಮಾತ್ರ ಎಲ್ಲವನ್ನೂ ತಿಂದೆ. ಕೆಟ್ಟ ಪೈ ಕೂಡ ಕೊರೆಯುವ ಚಳಿಯಲ್ಲಿ, ಕಾರಿನೊಳಗೆ, ಬಿಸಿ ಚಹಾದ ಜೊತೆಗೆ ಅಷ್ಟೇನೂ ಕೆಟ್ಟದ್ದಲ್ಲ. ಈ ಮಾತನ್ನು ಅವನ ಮುಂದೆ ಆಡಿದ್ದಕ್ಕೆ ಮನೆಯವರೆಗೂ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು ಕೂತ.

ಕ್ರಿಸ್‌ಮಸ್ ಹತ್ತಿರವಾಗುತ್ತಿತ್ತು. ಅವನ ಮುಖ ಸಣ್ಣದಾಗುತ್ತಿತ್ತು. ಆಗ ಒಂದು ಹಳ್ಳಿಯ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕ ಕಂದು ಕಾಗದದಿಂದ ಏನನ್ನೋ ತೆಗೆದು ಕಚ್ಚಿದ. ಕಚ್ಚಿದ ಸದ್ದು ತೆರೆದ ಕಿಟಕಿಯ ಮೂಲಕ ಕಾರಿನೊಳಗೆ ಕೇಳಿಸಿತು.

"ನಿಲ್ಸಿ!" ಎಂದ ನಾರಿಸ್. ನಾನು ನಿಲ್ಲಿಸುವ ಮೊದಲೇ ಬಾಗಿಲು ತೆಗೆದಿದ್ದ.

"ಏನಪ್ಪ, ಎಲ್ಲಿ ಸಿಕ್ತು ಅದು?"

ಮುದುಕ ಪೈಯನ್ನು ಕೋಟಿನೊಳಗೆ ಸೇರಿಸಿಕೊಂಡ. "ಯಾವುದು?"

"ಈಗ ಬಚ್ಚಿಟ್ಟೆಯಲ್ಲ, ಅದು."

"ಇವತ್ತು ನಿನಗೆ ಹೇಳಿದ್ರೆ ನಾಳೆ ಇಡೀ ಜಿಲ್ಲೆ ಬಂದು ನಿಲ್ಲುತ್ತೆ. ಹೇಳಲ್ಲ ಹೋಗು."

"ನಾನು ಯಾರಿಗೂ ಹೇಳಲ್ಲ. ನನಗೆ ಸ್ನೇಹಿತರೇ ಇಲ್ಲ. ಬೇಕಾದ್ರೆ ಅವರನ್ನ ಕೇಳು."

ಮುದುಕ ನನ್ನ ಕಡೆ ನೋಡಿದ. "ನಿಜ," ಎಂದೆ ನಾನು. ಅಷ್ಟು ಖಂಡಿತವಾಗಿ ಹೇಳಿದ್ದು ಅವನಿಗೆ ನಂಬಿಕೆ ಹುಟ್ಟಿಸಿರಬೇಕು. ಹಳೆಯ ಪ್ರಾರ್ಥನಾ ಮಂದಿರದ ಹಿಂದಿನ ಹಸಿರು ಬಾಗಿಲಿನ ಕಡೆ ಗದ್ದ ಎತ್ತಿ ತೋರಿಸಿದ.

ಬಾಗಿಲು ತೆರೆದವಳು ಐವಿ ಸ್ಲೀತ್. ಕಸಾಯಿಯ ವಿಧವೆ, ಮೊಣಕೈವರೆಗೆ ಹಿಟ್ಟು. ಮೇಜಿನ ಮೇಲೆ ಮರದ ದಿಮ್ಮಿಯ ಸುತ್ತ ಕಣಕವನ್ನು ಅಂಗೈಯಿಂದ ಮೇಲೆಮೇಲೆ ಎಳೆದು ಗೋಡೆ ಕಟ್ಟುತ್ತಿದ್ದಳು. ಗೂಡಿನಲ್ಲಿ ಆರಿದ ಪೈಗಳು ಹೊಟ್ಟೆ ಬಿಟ್ಟುಕೊಂಡು ಕೂತಿದ್ದವು. ನಾರಿಸ್ ಟೋಪಿ ತೆಗೆದ.

"ಗೊತ್ತಿರೋರಿಗೆ ಮಾತ್ರ ಮಾಡ್ಕೊಡೋದು," ಎಂದಳು ಐವಿ. "ನೀವು ಯಾರೋ ಏನೋ. ಇದನ್ನ ಹೇಗೆ ತಿಂತೀರಾ, ಮೊದಲು ಅದು ಹೇಳಿ."

"ತಣ್ಣಗೆ. ಅರೆದ ಸಾಸಿವೆ ಜೊತೆ. ಮತ್ತೇನೂ ಇಲ್ಲ."

"ಹೋದ ವರ್ಷ ಲಂಡನ್ನಿನೋನು ಒಬ್ಬ ಹೀಗೇ ಅಂದ. ಆಮೇಲೆ ಫೋನ್ ಮಾಡ್ತಾನೆ, ಎಷ್ಟು ಹೊತ್ತು ಬಿಸಿ ಮಾಡಲಿ ಅಂತ. ಫೋನು ಕುಕ್ಕಿಬಿಟ್ಟೆ."

"ಬಿಸಿ ಮಾಡೋದಾ!" ನಾರಿಸ್ ಟೋಪಿಯನ್ನು ಎದೆಗೆ ಅವುಚಿಕೊಂಡ. "ತಾಯಿ, ನಿಮ್ಮ ಪೈಯನ್ನ ಇನ್ನೊಂದು ಸಲ ಒಲೆಗೆ ಇಟ್ರೆ ನನ್ನನ್ನೇ ಅದರೊಳಗೆ ಇಟ್ಟುಬಿಡಿ."

ಐವಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಸಣ್ಣದೊಂದು ಪೈ ಕೊಟ್ಟು, "ಹೊರಗೆ ಹೋಗಿ ತಿನ್ನಿ. ಆಮೇಲೆ ಮಾತಾಡೋಣ" ಎಂದಳು.

ಮಂದಿರದ ಗೋಡೆಯ ಮೇಲೆ ಇಬ್ಬರೂ ಕೂತೆವು. ಹೊಲಗಳ ಮೇಲೆ ಹಿಮದ ಪುಡಿ ಇನ್ನೂ ಕರಗಿರಲಿಲ್ಲ. ನಾರಿಸ್ ಜೇಬಿನ ಚಾಕು ಬಿಡಿಸಿ ಕೊಯ್ದ. ಕಣಕ ಸದ್ದು ಮಾಡಿತು. ಬೂದು ಮಾಂಸ, ಸುತ್ತ ಗಾಜಿನಂಥ ಜೆಲ್ಲಿ. ಬಾಯಿಗಿಟ್ಟರೆ ಮೊದಲು ಉಪ್ಪು, ಆಮೇಲೆ ಕೊಬ್ಬಿನ ನುಣುಪು, ಎಲ್ಲ ಮುಗಿಯಿತು ಅನ್ನುವಾಗ ಗಂಟಲಲ್ಲಿ ಮೆಣಸು. ನಾನು ಊಟದ ವಿಷಯದಲ್ಲಿ ಭಾವುಕಳಲ್ಲ. ಆದರೂ ಎರಡನೆಯ ಹೋಳನ್ನು ಕೇಳದೆ ತೆಗೆದುಕೊಂಡೆ. ನಾರಿಸ್ ಕಾಗದದಲ್ಲಿ ಉಳಿದ ಚೂರುಗಳನ್ನು ಒದ್ದೆ ಬೆರಳಿಂದ ಒತ್ತಿ ಒತ್ತಿ ತಿಂದು, ಕೊನೆಗೆ, "ಇದೇ" ಎಂದ.

ಕ್ರಿಸ್‌ಮಸ್ ಹಿಂದಿನ ದಿನ ಐವಿಯ ಮನೆಯಿಂದ ದೊಡ್ಡ ಪೈ ತಂದೆವು. ತಿಂಡಿ ತನ್ನ ಮನೆಯಲ್ಲೇ ಆಗಬೇಕೆಂದು ಥೆಲ್ಮಾ ಹಟ ಹಿಡಿದಿದ್ದಳು, ನನ್ನನ್ನೂ ಕರೆದಿದ್ದಳು. ನಾರಿಸ್ ಅದನ್ನು ಅವಳ ಉಗ್ರಾಣದ ಕಲ್ಲಿನ ಹಲಗೆಯ ಮೇಲೆ, ಮಲಗಿದ ಮಗುವನ್ನಿಡುವಂತೆ ಇಟ್ಟು ಬಂದ.

ಬೆಳಿಗ್ಗೆ ಅವನು ಟೈ ಕಟ್ಟಿದ್ದ. ಕೋಟಿನ ಒಂದು ಜೇಬಿನಲ್ಲಿ ಸ್ವಂತ ಸಾಸಿವೆಯ ಕುಡಿಕೆ, ಇನ್ನೊಂದರಲ್ಲಿ ಸಾಣೆ ಹಿಡಿಸಿದ ಚಾಕು. ಥೆಲ್ಮಾಳ ಬಾಗಿಲು ತೆರೆದುಕೊಂಡಿತು, ಒಳಗಿನಿಂದ ವಾಸನೆ ಬಂತು. ಬಿಸಿ ಕೊಬ್ಬಿನ ವಾಸನೆ. ನಾರಿಸ್ ಹೊಸ್ತಿಲಲ್ಲೇ ನಿಂತುಬಿಟ್ಟ.

"ಹ್ಯಾಪಿ ಕ್ರಿಸ್‌ಮಸ್! ಒಳಗ ಬರ್ರಿ, ಒಳಗ ಬರ್ರಿ, ಛಳಿ ಯಾಕ ಒಳಗ ಬಿಡ್ತೀರಿ? ಕೂಡ್ರಿ. ಬಿಸಿ ಐತಿ, ಹುಷಾರು!"

ಅವಳು ಒಲೆಯಿಂದ ತೆಗೆದು ತಂದು ಮೇಜಿನ ಮೇಲಿಟ್ಟಳು. ಆಳದ ತಟ್ಟೆಗಳಲ್ಲಿ ಹಸಿರು ಬಟಾಣಿಯ ಗಟ್ಟಿ ಗಂಜಿ, ಅದರ ನಡುವೆ ದ್ವೀಪದಂತೆ ಐವಿ ಸ್ಲೀತಳ ಪೈಯ ಹೋಳು. ಜೆಲ್ಲಿ ಎಂಬುದಿರಲಿಲ್ಲ. ಕರಗಿ ಬಟಾಣಿಯೊಳಗೆ ಹರಿದುಹೋಗಿತ್ತು. ಪಕ್ಕದಲ್ಲಿ ಸಣ್ಣ ಹೂಜಿ, ಅದರಲ್ಲಿ ವಿನಿಗರ್ ಹಾಕಿದ ಪುದೀನ ಸಾಸ್.

"ನಮ್ಮ ಕಡೆ ಹಿಂಗ ತಿನ್ನೂದು," ಎಂದಳು ಥೆಲ್ಮಾ, ಕೆಂಪಾದ ಮುಖ ಒರೆಸಿಕೊಳ್ಳುತ್ತ. "ನಮ್ಮಪ್ಪ ಶನಿವಾರ ಗಣಿಯಿಂದ ಬಂದ ಅಂದ್ರ ಬಿಸಿ ಪೈ, ಬಟಾಣಿ, ಮ್ಯಾಲ ಪುದೀನ. ನಮ್ಮ ಯಜಮಾನ್ರು ಹೋದಮ್ಯಾಲ ಬಟಾಣಿ ನೆನಿ ಹಾಕೇ ಇಲ್ಲ ನಾ. ಒಬ್ಬಾಕಿಗೆ ಯಾಕ ಬೇಕು ಅಂತ. ನೀವು ನನ್ನ ಸಲುವಾಗಿ ಊರೂರು ತಿರುಗಿ ತಂದೀರಿ, ಅದನ್ನ ಥಂಡಗ ಹೆಂಗ ಇಡ್ಲಿ? ರಾತ್ರಿನೇ ನೆನಿ ಹಾಕಿದೆ."

ನಾರಿಸ್ ತಟ್ಟೆಯನ್ನು ನೋಡುತ್ತಿದ್ದ. ಅವನ ಎರಡು ಬೆರಳು ಅದರ ಅಂಚಿಗೆ ಬಂದು ಕೂತವು. ಮ್ಯೂರಿಯಲ್‌ಳ ತಾಯಿಯ ಮೇಜು ನನ್ನ ಕಣ್ಣ ಮುಂದೆ ಬಂತು. ಮನೆ ಮಾರಾಟದ ಫಲಕವೂ ಬಂತು. ಇನ್ನು ಅವನೇ ಬಾಯಿ ತೆರೆದರೆ ಕೆಟ್ಟಿತು, ನಾನೇ ವಿಷಯವನ್ನು ನಯವಾಗಿ ವಿವರಿಸುವುದು ಒಳ್ಳೆಯದು ಎಂದುಕೊಂಡು, "ಥೆಲ್ಮಾ, ನಮ್ಮ ಕಡೆ ಸಾಮಾನ್ಯವಾಗಿ..." ಎಂದು ಶುರುಮಾಡಿದೆ.

ಮೇಜಿನ ಕೆಳಗೆ ಒಂದು ಬೂಟು ನನ್ನ ಕಾಲನ್ನು ಜೋರಾಗಿ ತುಳಿಯಿತು.

"ಸಾಮಾನ್ಯವಾಗಿ ಏನ್ರೀ?" ಎಂದಳು ಥೆಲ್ಮಾ.

"ಏನಿಲ್ಲ," ಎಂದೆ.

ನಾರಿಸ್ ಅರ್ಧ ಹೊರಬಂದಿದ್ದ ಸಾಸಿವೆಯ ಕುಡಿಕೆಯನ್ನು ಕೋಟಿನ ಜೇಬಿನೊಳಕ್ಕೆ ಮತ್ತೆ ತಳ್ಳಿದ. ಚಮಚ ಎತ್ತಿಕೊಂಡ. ಒಂದು ತುತ್ತು ತಿಂದ, ನುಂಗಿದ. ಥೆಲ್ಮಾ ಒಲೆಯ ಬಟ್ಟೆಯನ್ನು ಹಿಂಡುತ್ತ ನಿಂತಿದ್ದಳು.

"ಹೆಂಗೈತಿ?"

ಅವನು ಪುದೀನದ ಹೂಜಿಯನ್ನು ತನ್ನ ಕಡೆ ಎಳೆದುಕೊಂಡು, ಉಳಿದ ಪೈಯ ಮೇಲೆ, ಅಂಚಿನಿಂದ ಅಂಚಿನವರೆಗೆ ಒಂದು ಚೂರೂ ಬಿಡದಂತೆ ಸುರಿದುಕೊಂಡ.