ಅಪ್ಪನ ಕೋವಿಯ ಗುರಿಮೊಳೆ

ಆ ವರ್ಷ ಕಾಡಿಗೆ ಹೋಗಲು ಹೋಬರ್ಟ್ ಸ್ಟಿಡಮ್‌ಗೆ ಮನಸ್ಸೇನೂ ಇರಲಿಲ್ಲ. ಕೆಂಟಕಿಯ ಪೂರ್ವದ ಗುಡ್ಡಗಳಲ್ಲಿ ಕಲ್ಲಿದ್ದಲು ಅಗೆಯುತ್ತ ಅರ್ಧ ಆಯುಷ್ಯ ಕಳೆದವನು. ಗಣಿ ಮುಚ್ಚಿತು, ಅದರ ದೂಳು ಮಾತ್ರ ಎದೆ ಬಿಟ್ಟು ಕದಲಲಿಲ್ಲ. ನಾಲ್ಕು ಹೆಜ್ಜೆ ಏರಿದರೆ ಏದುಸಿರು. ಆದರೂ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೇ ಕೋವಿಗಳ ಬೇಟೆಯ ವಾರದಲ್ಲಿ ಮನೆಯಲ್ಲಿ ಕೂತರೆ ‘ಹೋಬರ್ಟ್ ಮುಗಿದ’ ಅಂದಾರು ಎಂಬ ಹಟ. ಹಟಕ್ಕೇನು, ಅದಕ್ಕೆ ಶ್ವಾಸಕೋಶ ಬೇಕಿಲ್ಲವಲ್ಲ!

ಕೋವಿ ಅಪ್ಪನದು. ನಳಿಗೆಯ ತುದಿಯಲ್ಲಿ ಗುರಿ ನೋಡುವ ಮೊಳೆಯನ್ನು ಅಪ್ಪ ಬೆಳ್ಳಿ ನಾಣ್ಯ ಕತ್ತರಿಸಿ ಕೂರಿಸಿದ್ದ, ತಾನು ತುಂಬುವ ಮದ್ದಿನ ಅಳತೆಗೆ ತಕ್ಕಂತೆ ಅರದಲ್ಲಿ ಉಜ್ಜಿದ್ದ. ಅಷ್ಟೇ ಮದ್ದು ತುಂಬಿದರೆ ಮೊಳೆ ತೋರಿಸಿದಲ್ಲಿಗೇ ಗುಂಡು. ಆದರೆ ಕೋವಿಯ ಒದೆತಕ್ಕೆ ಕೆಮ್ಮು ಕಿತ್ತುಕೊಂಡು ಬರತೊಡಗಿದ ಮೇಲೆ ಹೋಬರ್ಟ್ ಮದ್ದು ಕಡಿಮೆ ಮಾಡಿದ್ದ. ಮದ್ದು ಇಳಿದರೆ ಗುಂಡಿನ ವೇಗವೂ ಇಳಿಯುತ್ತದೆ. ನಿಧಾನದ ಗುಂಡು ದಾರಿಯಲ್ಲೇ ನೆಲದ ಕಡೆ ಬಾಗುತ್ತದೆ. ಕಳೆದ ವರ್ಷ ಹಾಗೆ ಬಾಗಿ ಒಂದು ಜಿಂಕೆಯ ಮುಂಗಾಲು ಮುರಿದಿತ್ತು. ದಿನವಿಡೀ ನೆತ್ತರಿನ ಜಾಡು ಹಿಡಿದು ತೆವಳಿದರೂ ಅದು ಸಿಗಲಿಲ್ಲ. ಅಂದಿನಿಂದ ಅವನಿಗೆ ನೆಮ್ಮದಿಯ ನಿದ್ದೆಯಿಲ್ಲ. ಇನ್ನೊಂದು ಜೀವ ಹಾಗೆ ಕುಂಟಿದರೆ ಕೋವಿ ಮುಟ್ಟುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದ.

“ಆ ಮೊಳೆ ಒಂಚೂರು ಉಜ್ಜಿ ತಗ್ಗಿಸು ಮಾರಾಯ, ನಳಿಗೆ ತಾನೇ ಮೇಲೇಳತ್ತೆ,” ಎಂದಳು ಹೆಂಡತಿ ಓಮಾ, ಫ್ಲಾಸ್ಕಿಗೆ ಕಾಫಿ ಸುರಿಯುತ್ತ.

“ಉಜ್ಜಿದ್ದು ವಾಪಸ್ ಬರತ್ತೇನೆ? ಎದೆ ಸರಿಹೋದ್ಮೇಲೆ ಹಳೇ ಅಳತೇನೇ ತುಂಬ್ತೀನಿ. ಅಲ್ಲೀವರ್ಗೂ ಗುರೀನ ಎರಡು ಬೆರಳು ಮೇಲೆ ಹಿಡಿದ್ರಾಯ್ತು.”

“ನಿನ್ನೆದೆ ಸರಿಹೋಗತ್ತೆ, ನಂಗೆ ಹದಿನಾರಾಗತ್ತೆ! ಹೋಗು, ಇನ್ನೊಂದರ ಕಾಲು ಮುರಿದು ಬಾ.”

ಸಂಜೆಯಾಗುವ ಹೊತ್ತಿಗೆ ಕಣಿವೆಯಾಚೆ, ದಪ್ಪ ಬೀಚ್ ಮರದ ಮುಂದೆ ಒಂದು ಗಂಡುಜಿಂಕೆ ಅಡ್ಡಲಾಗಿ ನಿಂತಿತು. ಅದರ ಎದೆಯ ಮಟ್ಟಕ್ಕೇ ಮರದಲ್ಲೊಂದು ಗಂಟು. ಹೋಬರ್ಟ್ ಎರಡು ಬೆರಳು ಮೇಲೆ ಹಿಡಿದ. ಸಾಕೇ? ಮೂರು ಬೇಕೇ? ಕಳೆದ ವರ್ಷದ ಕಾಲು ಕಣ್ಣಿಗೆ ಕಟ್ಟಿತು. ಬೆರಳು ಟ್ರಿಗರಿನ ಮೇಲೆ ಇದ್ದಂತೆಯೇ ಇತ್ತು, ಅದುಮಲು ಧೈರ್ಯ ಬರಲಿಲ್ಲ. ಜಿಂಕೆ ಬಾಲ ಬಡಿದು ಹೊರಟುಹೋಯಿತು.

ತುಂಬಿದ ಕೋವಿ ಮನೆಯೊಳಗೆ ಹೋಗಕೂಡದು, ಅದು ಅಪ್ಪನ ಕಾಲದ ಕಟ್ಟಳೆ. ಖಾಲಿ ಮಾಡಲೆಂದು ಆ ಗಂಟಿಗೇ ಗುರಿಯಿಟ್ಟು, ಅದೇ ಎರಡು ಬೆರಳು ಮೇಲೆ ಹಿಡಿದು ಹೊಡೆದ. ಕೆಮ್ಮು ನಿಂತ ಮೇಲೆ ಕಣಿವೆ ಇಳಿದು ಹತ್ತಿ ನೋಡಿದ. ಗಂಟಿನಿಂದ ಒಂದು ಗೇಣು ಕೆಳಗೆ, ಜಿಂಕೆಯ ಕಾಲು ಇರಬೇಕಾದ ಜಾಗದಲ್ಲಿ ತೊಗಟೆ ಸಿಡಿದಿತ್ತು. ಅವನು ಅಲ್ಲೇ ಮರಕ್ಕೊರಗಿ ಕೂತ. ನಾಚಿಕೆಯೂ ಆಯಿತು, ಜಿಂಕೆಗೆ ಹೊಡೆಯಲಿಲ್ಲವಲ್ಲ, ಬದುಕಿದೆ ಅನ್ನಿಸುವಷ್ಟು ಸಮಾಧಾನವೂ ಆಯಿತು.

ಮನೆಗೆ ಬಂದವನೇ, “ಅರ ಎಲ್ಲಿಟ್ಟಿದೀಯೇ?” ಎಂದ.

ಓಮಾ ಅರ ತಂದುಕೊಟ್ಟಳು, ನಳಿಗೆಯನ್ನು ಅಲುಗದಂತೆ ಹಿಡಿದಳು. ಬೆಳ್ಳಿಯ ಪುಡಿ ಅವಳ ಏಪ್ರನ್ನಿನ ಮೇಲೆ ಉದುರಿತು.

“ಇನ್ನು ಇದಕ್ಕೆ ಅಪ್ಪನ ಅಳತೆ ಹೊಂದಲ್ಲ,” ಎಂದ ಹೋಬರ್ಟ್, ಅರ ನಿಲ್ಲಿಸಿ.

“ನಿಂಗೂ ಹೊಂದಲ್ಲ,” ಎಂದಳು ಓಮಾ, “ಉಜ್ಜು.”