ಜ್ವರಕ್ಕೆ ಸಿಗದ ಹಾಗೆ

ಯುದ್ಧದ ಕಾಲದಲ್ಲಿ ನಾನು ಹಾನಗಲ್ಲಿನ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಮಲೇರಿಯಾದ ಮದ್ದು ಕ್ವಿನೈನ್ ಬರುವುದು ನಿಂತುಹೋಗಿ, ಬಾಟಲಿಯ ತಳದಲ್ಲಿ ಒಬ್ಬರಿಗೆ ಸಾಲುವಷ್ಟು ಗುಳಿಗೆ ಉಳಿದಿದ್ದವು. ಅವನ್ನು ಡಾಕ್ಟರರು ನನ್ನ ಅಕ್ಕನಿಗೆ ಕೊಡುತ್ತಿದ್ದರು. ಹಿರೇಕೆರೂರಿನಿಂದ ಹೆರಿಗೆಗೆ ಬಂದವಳು, ಹಸಿ ಬಾಣಂತಿ. ಚಳಿಜ್ವರದಿಂದ ಕೂಸನ್ನು ಎತ್ತಿಕೊಳ್ಳುವ ಶಕ್ತಿಯೂ ಆಕೆಗೆ ಇರಲಿಲ್ಲ.

ಉಳಿದ ರೋಗಿಗಳಿಗೆ ಡಾಕ್ಟರರು ನೆಲಬೇವಿನ ಕಷಾಯ ಕೊಟ್ಟು, ಅದರಿಂದ ಜ್ವರ ನಿಲ್ಲುತ್ತದೆಯೇ ಎಂದು ಪರೀಕ್ಷೆ ನಡೆಸಿದ್ದರು. ಕುದಿಸಿ, ಸೋಸಿ, ಅಳೆದು ಕುಡಿಸುವವನು ನಾನೇ. ಜ್ವರ ದಿನ ಬಿಟ್ಟು ದಿನ ಬರುತ್ತಿತ್ತು. ಆ ದಿನಕ್ಕೆ ಪಾಳಿ ಎನ್ನುತ್ತಿದ್ದರು. ಪಾಳಿಯ ಮರುದಿನ ರೋಗಿಗಳು ಬಂದಾಗ, ಜ್ವರ ಬಂತೇ ಎಂದು ಕೇಳಿ ಬರೆದುಕೊಳ್ಳುವವನೂ ನಾನೇ.

ಮೂರು ಪಾಳಿಯೂ ಎಲ್ಲರೂ ಇಲ್ಲ ಎಂದರು. ಡಾಕ್ಟರರು, “ಇನ್ನ ನಿಮ್ಮ ಅಕ್ಕಗೂ ಕಷಾಯಾನ ಸಾಕ್ರಿ. ಗುಳಿಗಿ ಇರ್ಲಿ,” ಎಂದರು.

ನನಗೆ ಸಂಶಯ ಬಂತು. ಇಲ್ಲ ಎಂದವರ ತುಟಿಗಳು ಜ್ವರ ಬಂದವರಂತೆ ಒಡೆದಿದ್ದವು. ಅವರಲ್ಲಿ ಒಬ್ಬ ಮುದುಕ, ರೈತ. ಮುಂದಿನ ಪಾಳಿಯ ದಿನ ಅವನ ಮನೆಗೆ ಹೋದೆ. ಸೊಸೆ ನನ್ನ ಮುಖ ನೋಡದೆ, “ಊರಾಗಿಲ್ಲರಿ,” ಎಂದಳು. ಹೊಲದ ಗುಡಿಸಲಿನಲ್ಲಿ ಅವನು ಸಿಕ್ಕ, ಎರಡು ಕಂಬಳಿಯ ಕೆಳಗೆ ಗಡಗಡ ನಡುಗುತ್ತ.

“ಇಲ್ಲಿ ಯಾಕ ಬಂದೀರಿ, ಅಜ್ಜಾರ?”

“ಸಣ್ಣಗ ಮಾತಾಡ್ರಿ. ಪಾಳಿ ದಿನ ಮನ್ಯಾಗ ಇದ್ರ ಅದು ಹುಡುಕ್ಕೊಂತ ಬರ್ತೈತಿ.”

“ಇಲ್ಲಿಗೂ ಬಂದೈತಲ್ಲರಿ.”

“ನಿಮ್ಮ ಬೆನ್ನಹತ್ತಿ ಬಂದಿರಬೇಕು.”

“ಮತ್ತ ದವಾಖಾನ್ಯಾಗ ಬಂದಿಲ್ಲ ಅಂತ ಬರಸಿದ್ರಿ?”

“ಬಂದಿತ್ತು ಅಂತ ಬಾಯಿಲೆ ಅಂದ್ರ ಮುಂದಿನ ಪಾಳಿಗೂ ಕರದಂಗ ಆಕ್ಕೈತಿ. ನಮ್ಮ ಪೈಕಿ ಯಾರೂ ಅನ್ನೂದಿಲ್ಲ.”

ಹಿಂದಿರುಗಿ ಹೇಳಿದಾಗ ಡಾಕ್ಟರರು ನನ್ನನ್ನೇ ದಿಟ್ಟಿಸಿದರು. “ಅಕ್ಕನ ಗುಳಿಗಿ ಉಳಿಸ್ಕೊಳ್ಳಾಕ ಕಥಿ ಕಟ್ಟಾಕತ್ತೀರೇನು?”

ಗುಡಿಸಲಿನಿಂದ ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಅಕ್ಕನೇ.

ಮುಂದಿನ ಪಾಳಿಗೆ ಅವರೇ ಥರ್ಮಾಮೀಟರ್ ಹಿಡಿದು ನನ್ನ ಜೊತೆ ಮುದುಕನ ಗುಡಿಸಲಿಗೆ ಬಂದರು. ಒಮ್ಮೆ ನೋಡಿ, ಪಾದರಸ ಕೊಡವಿ ಇಳಿಸಿ, ಮತ್ತೊಮ್ಮೆ ಇಟ್ಟರು. ಎರಡು ಸಲವೂ ಜ್ವರ ಒಂದೇ ಸಮ ಏರಿತ್ತು. ದವಾಖಾನೆಗೆ ಮರಳಿ, ನಾನು ಬರೆದದ್ದನ್ನೆಲ್ಲ ತಾವೇ ಹೊಡೆದುಹಾಕಿದರು.

ಅಕ್ಕನಿಗೆ ಗುಳಿಗೆ ನಿಲ್ಲಲಿಲ್ಲ, ಆಕೆ ಬದುಕಿದಳು. ಮುದುಕನಿಗೆ ಕೊಡಲು ಬೇರೆ ಏನೂ ಇರಲಿಲ್ಲ. ಮರುದಿನ ಬಂದವನಿಗೆ ಅದೇ ಕಷಾಯ ಅಳೆದು ಕೊಟ್ಟೆ. ಅವನು ನನ್ನನ್ನು ನೋಡಿ, ಬಟ್ಟಲನ್ನು ನೋಡಿ, ಕುಡಿದ.

ಅದರ ಮುಂದಿನ ಪಾಳಿಯ ದಿನ ಗುಡಿಸಲು ಖಾಲಿ ಇತ್ತು. ಎರಡು ಸಲ ನಮ್ಮ ಬೆನ್ನುಹತ್ತಿ ಜ್ವರ ಬಂದ ಜಾಗದಲ್ಲಿ ಅವನು ಇನ್ನು ಅಡಗುವವನಲ್ಲ. ಎಲ್ಲಿ ಹೋದ ಎಂದು ಸೊಸೆಯನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ.